ಚೊಚ್ಚಲ ಕಾದಂಬರಿ: ಅಚ್ಚು ಸಲೀಸು, ತಿದ್ದುವವರು ದುರ್ಲಭ

ಕನ್ನಡದಲ್ಲಿ ಮೊದಲ ಕಾದಂಬರಿ ಪ್ರಕಟಿಸುವುದು ಕಷ್ಟವೇ ಎಂದು ಕೇಳಿದರೆ, ಯಾರನ್ನು ಕೇಳುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಹೊಸಬರ ದೂರು ಒಂದೇ: ಹಸ್ತಪ್ರತಿ ಕಳಿಸಿದರೆ ತಲುಪಿತು ಎಂಬ ಉತ್ತರವೂ ಬರುವುದಿಲ್ಲ, ಹೆಸರಾದವರಿಗೆ ಮಾತ್ರ ಮಣೆ. ಪ್ರಕಾಶಕರ ದೂರು ಇನ್ನೊಂದು: ದಿನ ಬೆಳಗಾದರೆ ವಾಟ್ಸ್‌ಆ್ಯಪ್‌ಗೆ ಪಿಡಿಎಫ್ ಬಂದು ಬೀಳುತ್ತದೆ, ಓದಿಸಿಕೊಂಡು ಹೋಗುವಂಥದ್ದು ಎಲ್ಲೋ ಒಂದು. ಪುಸ್ತಕದಂಗಡಿಯವರನ್ನು ಕೇಳಿದರೆ ಬೇರೆಯೇ ಮಾತು: ಬರುತ್ತಿರುವ ಹೊಸ ಪುಸ್ತಕ ಇಡಲು ಜಾಗವೇ ಸಾಲದು.

ಮೂರೂ ನಿಜ. ಈ ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ಇವತ್ತಿನ ಸ್ಥಿತಿ ಅರ್ಥವಾಗುತ್ತದೆ. ಒಂದು ಕಾಲಕ್ಕೆ ಹೊಸ ಕಾದಂಬರಿಕಾರರಿಗೆ ಅಡ್ಡಗಾಲು ಹಾಕುತ್ತಿದ್ದವು ಅಚ್ಚುಕೂಟ, ಕಾಗದ ಮತ್ತು ಬಂಡವಾಳ. ಅವು ಈಗ ಸಾಕಷ್ಟು ಮಟ್ಟಿಗೆ ಕೈಗೆಟಕಿವೆ. ಕೈ ತಪ್ಪಿರುವುದು ಹಸ್ತಪ್ರತಿಯನ್ನು ಕೂತು ಓದಿ, ಇಲ್ಲಿ ಸಡಿಲವಾಗಿದೆ, ಅಲ್ಲಿ ಸುಳ್ಳಾಗಿದೆ ಎಂದು ಹೇಳುವವರು. ಆದ್ದರಿಂದ ಮೊದಲ ಕಾದಂಬರಿ ಬರೆದವರು ಪ್ರಕಾಶಕರಿಗಿಂತ ಮೊದಲು ಹುಡುಕಬೇಕಾದದ್ದು ಪರಿಷ್ಕರಣೆ ಮಾಡುವವರನ್ನು. ಇದು ಹೇಗಾಯಿತು, ಈಗ ಇರುವ ದಾರಿಗಳು ಯಾವುವು, ಅವುಗಳ ಒಳಸುಳಿ ಏನು ಎಂಬುದರ ಸಮೀಕ್ಷೆ ಇದು.

ಲೇಖಕನೇ ಪ್ರಕಾಶಕ

ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಎಂದು ಎಣಿಸುವ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್‌ನಲ್ಲಿ ಅಚ್ಚಾಯಿತು. ಲೇಖಕರು ಪೊಲೀಸ್ ಇಲಾಖೆಯಲ್ಲಿದ್ದವರು. ಸಾಹಿತ್ಯ ಪ್ರಕಟಣೆಯನ್ನೇ ಕಸುಬಾಗಿಸಿಕೊಂಡ ಸಂಸ್ಥೆ ಆಗ ಎಲ್ಲಿತ್ತು? ಪ್ರೆಸ್ ಇದ್ದ ಊರಿನಲ್ಲಿ ಬರಹಗಾರನಿದ್ದರೆ ಪುಸ್ತಕ ಬಂತು, ಇಲ್ಲದಿದ್ದರೆ ಇಲ್ಲ. ಉತ್ತರ ಕರ್ನಾಟಕದಲ್ಲಿ ಗಳಗನಾಥರು ಒಂದರ ಹಿಂದೆ ಒಂದು ಕಾದಂಬರಿ ಬರೆದರು, ‘ಸದ್ಬೋಧ ಚಂದ್ರಿಕೆ’ಯ ಮೂಲಕ ಓದುಗರನ್ನು ಬೆಳೆಸಿದರು. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು ಎಂಬುದು ಅವರ ಬಗ್ಗೆ ಇಂದಿಗೂ ಎಲ್ಲರೂ ಹೇಳುವ ಮಾತು. ಬರೆಯುವುದು, ಅಚ್ಚು ಹಾಕಿಸುವುದು, ಹಂಚುವುದು ಮೂರೂ ಒಬ್ಬರದೇ ತಲೆನೋವು.

ಸ್ವಂತ ಖರ್ಚಿನಲ್ಲಿ ಪುಸ್ತಕ ತರುವುದನ್ನು ಈಗ ಕೆಲವರು ಮೂಗು ಮುರಿದು ನೋಡುತ್ತಾರೆ. ಕನ್ನಡದ ಮಟ್ಟಿಗೆ ಅದಕ್ಕೆ ಹಿರಿಯರ ಸಾಲೇ ಇದೆ. ಮಾಸ್ತಿಯವರ ಪುಸ್ತಕಗಳು ಅವರದೇ ಜೀವನ ಕಾರ್ಯಾಲಯದಿಂದ ಬಂದವು. ಕುವೆಂಪು ಅವರಿಗೆ ಉದಯರವಿ ಪ್ರಕಾಶನವಿತ್ತು. ಕಾರಂತರು ಪುತ್ತೂರಿನಲ್ಲಿ ಹರ್ಷ ಹೆಸರಿನಲ್ಲಿ ಅಚ್ಚುಕೂಟವನ್ನೂ ಪ್ರಕಟಣಾಲಯವನ್ನೂ ನಡೆಸಿದರು, ಕೈ ಸುಟ್ಟುಕೊಂಡರು, ಬಿಡಲಿಲ್ಲ. ಲಂಕೇಶರಿಗೆ ಪತ್ರಿಕೆ ಪ್ರಕಾಶನ, ತೇಜಸ್ವಿಯವರಿಗೆ ಪುಸ್ತಕ ಪ್ರಕಾಶನ. ಸಾರಾ ಅಬೂಬಕ್ಕರ್ ಅವರ ಮೊದಲ ಕಾದಂಬರಿ ‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ಹೆಸರಾಯಿತು. ಮುಂದೆ ಅವರೂ ಚಂದ್ರಗಿರಿ ಪ್ರಕಾಶನ ಆರಂಭಿಸಿದರು.

ಒಂದು ವ್ಯತ್ಯಾಸ ಮರೆಯಬಾರದು. ಇವರಲ್ಲಿ ಹೆಚ್ಚಿನವರು ಪ್ರಕಾಶನಕ್ಕೆ ಕೈ ಹಾಕುವ ಹೊತ್ತಿಗೆ ಓದುಗರನ್ನು ಸಂಪಾದಿಸಿಕೊಂಡಿದ್ದರು, ಇಲ್ಲವೇ ಬರೆದದ್ದನ್ನು ನಿಷ್ಠುರವಾಗಿ ಓದುವ ಗೆಳೆಯರ ಬಳಗವೊಂದು ಸುತ್ತ ಇತ್ತು. ಸ್ವಂತ ಪ್ರಕಾಶನವೆಂದರೆ ಹಣ ಮತ್ತು ಹಂಚಿಕೆ ತಮ್ಮ ಕೈಯಲ್ಲಿರಲಿ ಎಂಬ ಆಯ್ಕೆಯಾಗಿತ್ತೇ ಹೊರತು, ಯಾರ ಕಣ್ಣಿಗೂ ಬೀಳದೆ ಅಚ್ಚಿಗೆ ಹೋಗುವ ಅಡ್ಡದಾರಿಯಾಗಿರಲಿಲ್ಲ.

ಚಂದಾದಾರರೂ ವಾರಪತ್ರಿಕೆಗಳೂ

ಹೊಸ ಕಾದಂಬರಿಗೆ ದುಡ್ಡು ಹಾಕುವವರು ಯಾರು ಎಂಬ ಪ್ರಶ್ನೆಗೆ ಧಾರವಾಡ 1933ರಲ್ಲಿ ಒಂದು ಉತ್ತರ ಕಂಡುಕೊಂಡಿತು. ಜಿ.ಬಿ. ಜೋಶಿ ಮತ್ತು ಗೆಳೆಯರು ಕಟ್ಟಿದ ಮನೋಹರ ಗ್ರಂಥಮಾಲೆ ಚಂದಾ ಪದ್ಧತಿಯಲ್ಲಿ ನಡೆಯಿತು. ಓದುಗರು ಮೊದಲೇ ಹಣ ಕಟ್ಟುತ್ತಾರೆ, ವರ್ಷದ ಪುಸ್ತಕಗಳು ಮನೆಗೆ ಬರುತ್ತವೆ. ಈ ಏರ್ಪಾಡಿನ ಲಾಭ ಹೆಚ್ಚು ದಕ್ಕಿದ್ದು ಹೊಸಬರಿಗೆ. ಹೆಸರು ಕೇಳಿರದ ಲೇಖಕನ ಪುಸ್ತಕವನ್ನು ಅಂಗಡಿಯಲ್ಲಿ ಯಾರೂ ಕೈಗೆತ್ತಿಕೊಳ್ಳದಿರಬಹುದು. ಮಾಲೆಯ ಪುಸ್ತಕವಾದರೆ ಅದು ಚಂದಾದಾರರ ಮನೆಗೆ ಹೋಗಿಯೇ ಹೋಗುತ್ತದೆ. ಶಾಂತಿನಾಥ ದೇಸಾಯರ ಮೊದಲ ಕಾದಂಬರಿ ‘ಮುಕ್ತಿ’ 1961ರಲ್ಲಿ ಇಲ್ಲಿಂದ ಬಂತು. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಬರೆದ ‘ಸಂಸ್ಕಾರ’ 1965ರಲ್ಲಿ ಬೆಳಕು ಕಂಡದ್ದೂ ಇಲ್ಲಿಂದಲೇ.

ದುಡ್ಡಿನ ಏರ್ಪಾಡಿಗಿಂತ ದೊಡ್ಡದು ಗ್ರಂಥಮಾಲೆಯ ಅಟ್ಟ. ಸುಭಾಸ ರಸ್ತೆಯ ಆ ಅಟ್ಟದಲ್ಲಿ ಹಸ್ತಪ್ರತಿಗಳನ್ನು ಓದುತ್ತಿದ್ದರು, ಜಗಳವಾಡುತ್ತಿದ್ದರು, ತಿದ್ದಿಸುತ್ತಿದ್ದರು. ಕೀರ್ತಿನಾಥ ಕುರ್ತಕೋಟಿಯಂಥ ವಿಮರ್ಶಕರು ಅಲ್ಲಿ ಸಲಹೆಗಾರರು. ಪ್ರಕಾಶಕನ ಪಕ್ಕದಲ್ಲಿ ವಿಮರ್ಶಕ ಕೂತಿರುವುದು ಆ ಸಂಸ್ಥೆಯ ವಿಶೇಷ. ಅಲ್ಲಿಂದ ಬಂದ ಚೊಚ್ಚಲ ಕೃತಿಗಳಿಗೆ ಗಟ್ಟಿತನ ಸಿಕ್ಕಿದ್ದರಲ್ಲಿ ಆ ಓದಿನ ಪಾಲು ದೊಡ್ಡದು.

ಇನ್ನೊಂದು ದಾರಿ ಪತ್ರಿಕೆ. ‘ಪ್ರಜಾಮತ’, ‘ಕರ್ಮವೀರ’, 1965ರಲ್ಲಿ ಶುರುವಾದ ‘ಸುಧಾ’, 1983ರ ‘ತರಂಗ’, ಜೊತೆಗೆ ಮಾಸಪತ್ರಿಕೆಗಳು ಕಾದಂಬರಿಗೆ ವಾರವಾರವೂ ತಿಂಗಳುತಿಂಗಳೂ ಜಾಗ ಕೊಟ್ಟವು. ಧಾರಾವಾಹಿಯಲ್ಲಿ ಬಂದ ಕಾದಂಬರಿ ಪುಸ್ತಕವಾಗುವ ಹೊತ್ತಿಗೆ ಓದುಗರು ಸಿದ್ಧರಿರುತ್ತಿದ್ದರು. ಬಡಾವಣೆಗಳ ಖಾಸಗಿ ಲೈಬ್ರರಿಗಳು ಅದನ್ನು ಕೊಂಡು ದಿನಬಾಡಿಗೆಗೆ ಕೊಡುತ್ತಿದ್ದವು. ಪುಟ್ಟಣ್ಣ ಕಣಗಾಲರು ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನು 1967ರಲ್ಲಿ, ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ಯನ್ನು 1969ರಲ್ಲಿ ತೆರೆಗೆ ತಂದ ಮೇಲೆ ಸಿನಿಮಾದವರೂ ಕಾದಂಬರಿಯ ಹುಡುಕಾಟಕ್ಕೆ ಬಿದ್ದರು.

ಧಾರಾವಾಹಿಗೆ ಅದರದೇ ಮಿತಿಗಳಿದ್ದವು. ಪ್ರತಿ ಕಂತಿನ ಕೊನೆಗೂ ಕುತೂಹಲ ಉಳಿಸುವ ಹಟಕ್ಕೆ ಕಥೆ ಸೊರಗುತ್ತಿತ್ತು. ಆದರೆ ಅಲ್ಲಿ ಉಪಸಂಪಾದಕರೊಬ್ಬರು ಪ್ರತಿ ಸಾಲನ್ನೂ ಓದುತ್ತಿದ್ದರು, ಉದ್ದವಾದದ್ದನ್ನು ಕತ್ತರಿಸುತ್ತಿದ್ದರು, ಹೆಸರು ತಪ್ಪಿದರೆ ಓದುಗರೇ ಕಾಗದ ಬರೆದು ಕಿವಿ ಹಿಂಡುತ್ತಿದ್ದರು. ಟೀವಿ ಧಾರಾವಾಹಿಗಳು ಮನೆಯ ಸಂಜೆಗಳನ್ನು ಕಸಿದುಕೊಂಡ ಮೇಲೆ ದಿನಬಾಡಿಗೆಯ ಲೈಬ್ರರಿಗಳು ಬಾಗಿಲು ಹಾಕಿದವು, ಪತ್ರಿಕೆಗಳ ಪುಟ ಕಡಿಮೆಯಾಯಿತು, ಕಾದಂಬರಿಯ ಜಾಗ ಮೊದಲು ಕುಗ್ಗಿತು. ಹೊಸ ಲೇಖಕರು ಕಳೆದುಕೊಂಡದ್ದು ಪ್ರಕಟಣೆಯ ಒಂದು ಬಾಗಿಲನ್ನು ಮಾತ್ರವಲ್ಲ, ಪುಕ್ಕಟೆಯಾಗಿ ಸಿಗುತ್ತಿದ್ದ ತಿದ್ದುಪಡಿಯನ್ನೂ.

ಈಗಿರುವ ನಾಲ್ಕು ಬಾಗಿಲು

ಇಂದು ಕಾದಂಬರಿ ಬರೆದು ಮುಗಿಸಿದವರ ಎದುರು ಸ್ಥೂಲವಾಗಿ ನಾಲ್ಕು ಬಾಗಿಲುಗಳಿವೆ.

ಮೊದಲನೆಯದು, ಹಳೆಯ ಮತ್ತು ದೊಡ್ಡ ಪ್ರಕಾಶನ ಸಂಸ್ಥೆಗಳು. ಸಪ್ನ, ನವಕರ್ನಾಟಕ, ಸಾಹಿತ್ಯ ಭಂಡಾರ, ಅಂಕಿತ, ಧಾರವಾಡದ ಮನೋಹರ ಗ್ರಂಥಮಾಲೆ ಮುಂತಾದವು. ಇವುಗಳ ಬಲ ವಿತರಣೆ. ಸ್ವಂತ ಮಳಿಗೆ ಇರುವವರಿಗಂತೂ ಪುಸ್ತಕ ಮೇಜಿನ ಮೇಲೆ ಕಾಣುವಂತೆ ಇಡುವುದು ಅವರದೇ ಕೈಯಲ್ಲಿದೆ. ಆದರೆ ವರ್ಷದ ಪಟ್ಟಿ ಬಹುಮಟ್ಟಿಗೆ ಹೆಸರಾದ ಲೇಖಕರಿಂದಲೇ ತುಂಬಿರುತ್ತದೆ. ಕನ್ನಡದಲ್ಲಿ ಲಿಟರರಿ ಏಜೆಂಟರ ಪದ್ಧತಿ ಬೆಳೆದಿಲ್ಲವಾದ್ದರಿಂದ ಹೊಸಬರ ಪರವಾಗಿ ಮಾತಾಡುವವರು ಯಾರೋ ಮೇಷ್ಟ್ರು, ಹಿರಿಯ ಲೇಖಕರು ಅಥವಾ ಪತ್ರಕರ್ತ ಗೆಳೆಯರು. ಬೆಂಗಳೂರು, ಧಾರವಾಡ, ಮೈಸೂರಿನ ಸಾಹಿತ್ಯ ವಲಯದಲ್ಲಿ ಒಡನಾಟವಿದ್ದವರಿಗೆ ಇದು ಸಲೀಸು. ಸಿಂಧನೂರಿನಲ್ಲೋ ಚಾಮರಾಜನಗರದಲ್ಲೋ ಕೂತು ಒಬ್ಬರೇ ಬರೆಯುವವರಿಗೆ ಅಲ್ಲ.

ಎರಡನೆಯದು, ಅಭಿರುಚಿಯನ್ನು ನೆಚ್ಚಿ ನಡೆಯುವ ಸಣ್ಣ ಪ್ರಕಾಶನಗಳು. ಹೆಗ್ಗೋಡಿನ ಅಕ್ಷರ ಪ್ರಕಾಶನ, ಬಳ್ಳಾರಿಯ ಲೋಹಿಯಾ ಪ್ರಕಾಶನ, ಬೆಂಗಳೂರಿನ ಅಭಿನವ, ಬಹುರೂಪಿ ಮೊದಲಾದವುಗಳಿಗೆ ತಮ್ಮದೇ ಆದ ಓದುಗ ಬಳಗವಿದೆ. ವಸುಧೇಂದ್ರರ ಛಂದ ಪುಸ್ತಕ ಹೊಸಬರಿಗಾಗಿಯೇ ಕಥಾಸಂಕಲನದ ಹಸ್ತಪ್ರತಿ ಸ್ಪರ್ಧೆ ನಡೆಸಿ, ಗೆದ್ದ ಸಂಕಲನವನ್ನು ಚೆಂದವಾಗಿ ಅಚ್ಚು ಹಾಕುವ ಪರಿಪಾಠ ಬೆಳೆಸಿತು. ಅನೇಕ ಕಥೆಗಾರರ ಮೊದಲ ಪುಸ್ತಕ ಹೀಗೆ ಬಂದಿದೆ. ಇದು ಕಥೆಗಳಿಗೆ ನಿಜವಾದಷ್ಟು ಕಾದಂಬರಿಗೆ ನಿಜವಲ್ಲ. ದಿನಪತ್ರಿಕೆಗಳ ದೀಪಾವಳಿ, ಯುಗಾದಿ ಕಥಾಸ್ಪರ್ಧೆಗಳನ್ನೂ ಸೇರಿಸಿದರೆ ಕನ್ನಡದಲ್ಲಿ ಸಣ್ಣಕಥೆಗೆ ಏಣಿ ಇದೆ, ಮೆಟ್ಟಿಲುಗಳಿವೆ. ಕಾದಂಬರಿಗೆ ‘ಸುಧಾ’, ‘ಬುಕ್ ಬ್ರಹ್ಮ’ದಂಥವರ ಸ್ಪರ್ಧೆಗಳನ್ನು ಬಿಟ್ಟರೆ ಅಂಥ ಮೆಟ್ಟಿಲುಗಳು ಕಡಿಮೆ. ಹಾಗಾಗಿಯೇ ಬಹಳ ಮಂದಿ ಮೊದಲು ಒಂದು ಕಥಾಸಂಕಲನ ತಂದು, ಆ ಪರಿಚಯ ಹಿಡಿದು ಕಾದಂಬರಿಗೆ ಪ್ರಕಾಶಕರನ್ನು ಹುಡುಕುತ್ತಾರೆ. ತಪ್ಪೇನಲ್ಲ, ಆದರೆ ಕಥೆಗಾರರಲ್ಲದ, ಹುಟ್ಟಾ ಕಾದಂಬರಿಯ ಉಸಿರಿರುವವರು ಈ ಏರ್ಪಾಡಿನಲ್ಲಿ ಹಿಂದೆ ಬೀಳುತ್ತಾರೆ.

ಮೂರನೆಯದು, ದುಡ್ಡು ಕೊಟ್ಟು ಪ್ರಕಟಿಸುವುದು. ಲೇಖಕರೇ ಪೂರ್ತಿ ಅಥವಾ ಅರ್ಧ ಖರ್ಚು ಭರಿಸುತ್ತಾರೆ. ಪುಸ್ತಕದ ಮೇಲೆ ಪ್ರಕಾಶನದ ಹೆಸರು, ಲೇಖಕರ ಮನೆಗೆ ಇನ್ನೂರೋ ಮುನ್ನೂರೋ ಪ್ರತಿಗಳ ಕಟ್ಟು. ಇದರಲ್ಲಿ ಪ್ರಾಮಾಣಿಕರೂ ಇದ್ದಾರೆ. ಅವರು ಖರ್ಚನ್ನು ಬಿಡಿಬಿಡಿಯಾಗಿ ಬರೆದುಕೊಡುತ್ತಾರೆ. ಎಷ್ಟು ಪ್ರತಿ ಅಚ್ಚಾಯಿತು, ಉಳಿದವು ಎಲ್ಲಿ ಹೋದವು, ಲೈಬ್ರರಿ ಖರೀದಿಯ ಹಣ ಬಂದರೆ ಯಾರಿಗೆ ಎಂದು ಕೇಳಿದರೆ ಮಾತು ಮರೆಸುವವರೂ ಇದ್ದಾರೆ. ದುಡ್ಡು ಕೊಡುವುದು ಅವಮಾನವಲ್ಲ. ಲೆಕ್ಕ ಕೇಳದೆ ಕೊಡುವುದು ಅವಿವೇಕ.

ನಾಲ್ಕನೆಯದು, ತಾವೇ ಅಚ್ಚು ಹಾಕಿಸುವುದು ಅಥವಾ ಡಿಜಿಟಲ್ ದಾರಿ. ಬೇಕಾದಷ್ಟೇ ಪ್ರತಿ ಅಚ್ಚು ಹಾಕುವ ಪ್ರಿಂಟ್ ಆನ್ ಡಿಮ್ಯಾಂಡ್ ಬಂದ ಮೇಲೆ ಐವತ್ತು, ನೂರು ಪ್ರತಿ ತಂದು ನೋಡುವುದು ಸಾಧ್ಯವಾಗಿದೆ. ಪ್ರತಿಯೊಂದರ ಖರ್ಚು ಆಫ್‌ಸೆಟ್‌ಗಿಂತ ಜಾಸ್ತಿ. ಮನೆಯ ಮಂಚದ ಕೆಳಗೆ ಕಟ್ಟು ಕೊಳೆಯುವ ಭಯ ಕಡಿಮೆ. ಪೋಥಿ, ನೋಷನ್ ಪ್ರೆಸ್ ಮುಂತಾದವು ಈ ಸೇವೆ ಕೊಡುತ್ತವೆ. ಪ್ರತಿಲಿಪಿ ಆ್ಯಪ್‌ನಲ್ಲಿ ಅಧ್ಯಾಯ ಅಧ್ಯಾಯವಾಗಿ ಬರೆದು ಓದುಗರನ್ನು ಕಂಡುಕೊಂಡವರಿದ್ದಾರೆ. ಮೈಲ್ಯಾಂಗ್ ಮೊದಲಾದವು ಇ-ಪುಸ್ತಕ, ಆಡಿಯೋ ಪುಸ್ತಕಗಳಿಗೆ ದಾರಿ ಮಾಡಿವೆ. ಐಎಸ್‌ಬಿಎನ್ ಸಂಖ್ಯೆಯನ್ನು ಭಾರತದಲ್ಲಿ ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ‘ಐಎಸ್‌ಬಿಎನ್ ಶುಲ್ಕ’ ಎಂದು ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಅಲ್ಲೇ ಎಚ್ಚರವಾಗಬೇಕು.

ಬಾಗಿಲು ಯಾವುದೇ ಇರಲಿ, ತಟ್ಟುವ ಕ್ರಮ ಒಂದಿದೆ. ಆ ಪ್ರಕಾಶನದ ನಾಲ್ಕಾರು ಪುಸ್ತಕ ಓದಿ, ತಮ್ಮ ಕಾದಂಬರಿ ಆ ಸಾಲಿಗೆ ಸೇರುತ್ತದೆಯೇ ನೋಡಿಕೊಳ್ಳುವುದು. ಒಂದು ಪುಟದ ಸಾರಾಂಶ, ಮೊದಲ ಮೂರು ಅಧ್ಯಾಯ ಕಳಿಸಿ, ಪೂರ್ತಿ ಬೇಕೆಂದರೆ ಕೊಡುತ್ತೇನೆ ಎನ್ನುವುದು. ಒಂದೇ ಸಲಕ್ಕೆ ಹತ್ತು ಜನರಿಗೆ ಕಳಿಸಿ, ಇಬ್ಬರು ಒಪ್ಪಿದಾಗ ಒಬ್ಬರನ್ನು ಕೈಬಿಟ್ಟರೆ ಸುದ್ದಿ ಬೇಗ ಹರಡುತ್ತದೆ. ಪ್ರಕಾಶಕರೆಲ್ಲ ಒಬ್ಬರಿಗೊಬ್ಬರು ಪರಿಚಿತರು.

ಇಂಪ್ರಿಂಟ್ ಪುಟ ಹೇಳುವ ಕಥೆ

ಯಾವುದೇ ಕನ್ನಡ ಕಾದಂಬರಿಯ ಶೀರ್ಷಿಕೆ ಪುಟದ ಹಿಂಬದಿ ತೆರೆದು ನೋಡಿ. ಲೇಖಕರ ಹೆಸರು, ಪ್ರಕಾಶಕರ ವಿಳಾಸ, ಮೊದಲ ಮುದ್ರಣದ ವರ್ಷ, ಪುಟಗಳು 208, ಆಕಾರ 1/8 ಡೆಮಿ, ಬಳಸಿದ ಕಾಗದ 70 ಜಿಎಸ್‌ಎಂ ಎನ್.ಎಸ್. ಮ್ಯಾಪ್‌ಲಿಥೋ, ಪ್ರತಿಗಳು 1000, ಬೆಲೆ ಇಷ್ಟು. ಕಾಗದದ ತೂಕ ಓದುಗರಿಗೇಕೆ? ಅದು ಓದುಗರಿಗಲ್ಲ, ಗ್ರಂಥಾಲಯ ಇಲಾಖೆಗೆ. ಸಾರ್ವಜನಿಕ ಗ್ರಂಥಾಲಯಗಳಿಗೆ ಸಗಟು ಖರೀದಿ ಮಾಡುವಾಗ ಬೆಲೆಯನ್ನು ಪುಟದ ಲೆಕ್ಕದಲ್ಲಿ, ಆಕಾರ ಮತ್ತು ಕಾಗದ ನೋಡಿ ನಿಗದಿ ಮಾಡುತ್ತಾರೆ. ಕನ್ನಡ ಪ್ರಕಾಶನ ಬಹುಕಾಲದಿಂದ ಈ ಖರೀದಿಯನ್ನು ನಂಬಿ ನಿಂತಿದೆ ಎಂಬುದಕ್ಕೆ ಆ ಪುಟವೇ ಸಾಕ್ಷಿ. 208 ಪುಟ ಎನ್ನುವುದೂ ಸುಮ್ಮನೆ ಬಂದದ್ದಲ್ಲ: ಹದಿನಾರು ಪುಟಕ್ಕೊಂದು ಫಾರಂ, ಹದಿಮೂರು ಫಾರಂಗೆ 208. ಫಾರಂ ತುಂಬದಿದ್ದರೆ ಕಾಗದ ದಂಡ, ಅದಕ್ಕೇ ಕೊನೆಯಲ್ಲಿ ಪ್ರಕಾಶನದ ಇತರ ಪುಸ್ತಕಗಳ ಪಟ್ಟಿ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮುಖಬೆಲೆ 200 ರೂಪಾಯಿ. ಅಂಗಡಿಯವರ ಕಮಿಷನ್ ಶೇ 35 ಎಂದರೆ 70 ಹೋಯಿತು. ಲೇಖಕರ ಗೌರವಧನ ಶೇ 10, ಅಂದರೆ 20. ಉಳಿದ 110ರಲ್ಲಿ ಕಾಗದ, ಅಚ್ಚು, ಬೈಂಡಿಂಗ್, ಡಿಟಿಪಿ, ಮುಖಪುಟದ ಕಲಾವಿದರ ಸಂಭಾವನೆ, ಗೋದಾಮು, ಕೊರಿಯರ್, ಮಾರಾಟವಾಗದ ಪ್ರತಿಗಳ ನಷ್ಟ ಎಲ್ಲವೂ ಬರಬೇಕು. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಕಾಗದಕ್ಕೂ ಮುದ್ರಣಕ್ಕೂ ಇದೆ, ಅಲ್ಲಿ ಕಟ್ಟಿದ್ದನ್ನು ವಾಪಸು ಪಡೆಯುವ ದಾರಿಯಿಲ್ಲ. ಸಾವಿರ ಪ್ರತಿಯೂ ಪೂರ್ತಿ ಬೆಲೆಗೆ ಖರ್ಚಾದರೆ ಲೇಖಕರಿಗೆ 20 ಸಾವಿರ ರೂಪಾಯಿ. ಎರಡು ವರ್ಷದಲ್ಲಿ 400 ಹೋದರೆ 8 ಸಾವಿರ. ಕಾದಂಬರಿ ಬರೆದು ನೌಕರಿ ಬಿಡುವ ಯೋಚನೆ ಇದ್ದವರು ಇಲ್ಲಿಗೇ ಅದನ್ನು ಕೈಬಿಡುವುದು ಒಳ್ಳೆಯದು.

ಈ ಪಟ್ಟಿಯಲ್ಲಿ ಒಂದು ಬಾಬ್ತು ಇಲ್ಲ: ಪರಿಷ್ಕರಣೆ. ಕರಡು ತಿದ್ದುವವರಿಗೆ ಪುಟಕ್ಕಿಷ್ಟು ಎಂದು ಸಣ್ಣ ಮೊತ್ತ ಸಿಗುತ್ತದೆ. ಹಸ್ತಪ್ರತಿಯನ್ನು ಇಡಿಯಾಗಿ ಓದಿ ಸಲಹೆ ಕೊಡುವವರಿಗೆ ಮೇಲಿನ 110ರಲ್ಲಿ ಜಾಗವೇ ಇಲ್ಲ.

ಗ್ರಂಥಾಲಯ ಖರೀದಿ ಈ ಕೊರತೆಯನ್ನು ತುಂಬಬಹುದಿತ್ತು. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ಅದರಂತೆ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ಅಂದರೆ ಮನೆ ಕಂದಾಯ ಕಟ್ಟುವ ಪ್ರತಿಯೊಬ್ಬರೂ ಪುಸ್ತಕಕ್ಕೆ ಹಣ ಕೊಡುತ್ತಿದ್ದಾರೆ. ಸ್ಥಳೀಯ ಸಂಸ್ಥೆಗಳು ಆ ಹಣವನ್ನು ಇಲಾಖೆಗೆ ದಾಟಿಸಲು ಮೀನಮೇಷ ಎಣಿಸುತ್ತವೆ, ಆಯ್ಕೆ ತಡವಾಗುತ್ತದೆ, ಆಯ್ಕೆಯಾದ ಪುಸ್ತಕದ ಹಣ ಮತ್ತೂ ತಡವಾಗುತ್ತದೆ ಎಂದು ಪ್ರಕಾಶಕರು ವರ್ಷಗಳಿಂದ ಮನವಿ ಕೊಡುತ್ತಲೇ ಇದ್ದಾರೆ. ದೊಡ್ಡವರು ತಡೆದುಕೊಳ್ಳುತ್ತಾರೆ. ಸಣ್ಣ ಪ್ರಕಾಶಕರು ಮೊದಲು ಕೈಬಿಡುವುದು ಹೊಸಬರ ಕಾದಂಬರಿಯನ್ನೇ. ಪುಟವಾರು ದರಕ್ಕೆ ಇನ್ನೊಂದು ಅಡ್ಡ ಪರಿಣಾಮವೂ ಇದೆ: 140 ಪುಟಕ್ಕೆ ಮುಗಿಯಬೇಕಾದ ಕಥೆಯನ್ನು 200ಕ್ಕೆ ಎಳೆದರೆ ಶಿಕ್ಷೆಯಿಲ್ಲ, ಲಾಭವೇ.

ತಿದ್ದುವುದೆಂದರೆ

ಕರಡು ತಿದ್ದುವುದನ್ನೂ ಕಾದಂಬರಿಯನ್ನು ತಿದ್ದುವುದನ್ನೂ ನಮ್ಮಲ್ಲಿ ಒಂದೇ ಎಂದುಕೊಂಡಿದ್ದಾರೆ. ಕಾಗುಣಿತ, ಒತ್ತು, ದೀರ್ಘ ನೋಡುವುದು ಮೊದಲನೆಯದು. ಅದೂ ಸಲೀಸಲ್ಲ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದದ್ದನ್ನು ಯೂನಿಕೋಡ್‌ಗೆ ತಿರುಗಿಸಿದಾಗ ಒತ್ತಕ್ಷರ ಜಾಗ ಬಿಡುತ್ತದೆ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ, ಉದ್ಧರಣ ಚಿಹ್ನೆ ಇನ್ನೇನೋ ಆಗಿ ಕೂರುತ್ತದೆ. ಮೊದಲೇ ಯೂನಿಕೋಡ್‌ನಲ್ಲಿ ಬರೆದಿಟ್ಟುಕೊಂಡರೆ ಈ ಗೋಳು ಅರ್ಧ ತಪ್ಪುತ್ತದೆ.

ಎರಡನೆಯದು ಬೇರೆಯೇ ಕೆಲಸ. ಮೂರನೇ ಅಧ್ಯಾಯದಲ್ಲಿ ಒಂದನೇ ಕ್ಲಾಸಿಗೆ ಸೇರಿದ ಮಗಳು, ಕಥೆಯಲ್ಲಿ ಮೂರು ವರ್ಷ ಕಳೆಯುವಷ್ಟರಲ್ಲಿ ಒಂಬತ್ತನೇ ಅಧ್ಯಾಯಕ್ಕೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತಿದ್ದಾಳೆ ಎಂದು ಹಿಡಿಯುವುದು. ಮೊದಲ ನಲವತ್ತು ಪುಟ ಊರಿನ ವರ್ಣನೆಯಲ್ಲೇ ಹೋಗಿದೆ, ಕಥೆ ಶುರುವಾಗುವುದು 41ರಲ್ಲಿ, ಅಲ್ಲಿಂದಲೇ ಆರಂಭಿಸಿ ಎನ್ನುವುದು. ಅಪ್ಪನ ಪಾತ್ರ ಸಾಯುವ ಅಗತ್ಯವೇನು, ನಿಮಗೆ ಅವನನ್ನು ನಿಭಾಯಿಸಲು ಬಾರದೆ ಕೊಂದಿರಾ ಎಂದು ಕೇಳುವುದು. ಚೊಚ್ಚಲ ಕಾದಂಬರಿಗಳ ಮಾಮೂಲಿ ದೋಷಗಳು ಹೀಗಿರುತ್ತವೆ: ತಮಗೆ ಗೊತ್ತಿದ್ದದ್ದೆಲ್ಲ ಒಂದೇ ಪುಸ್ತಕಕ್ಕೆ ತುರುಕುವುದು, ಲೇಖಕರ ಅಭಿಪ್ರಾಯವನ್ನು ಪಾತ್ರದ ಬಾಯಲ್ಲಿ ಭಾಷಣ ಮಾಡಿಸುವುದು, ಕೊನೆಯ ಮೂವತ್ತು ಪುಟದಲ್ಲಿ ಗಡಿಬಿಡಿ. ಇವನ್ನು ಲೇಖಕರು ತಾವೇ ಕಾಣುವುದು ಕಷ್ಟ. ಮನೆಯವರು, ಗೆಳೆಯರು ಹೇಳುವುದೂ ಕಷ್ಟ. ಅವರಿಗೆ ನಿಮ್ಮ ಸಂತೋಷ ಮುಖ್ಯ.

ಆಡುಮಾತಿನ ವಿಷಯದಲ್ಲಿ ತಿದ್ದುವವರ ಕೈ ಇನ್ನೂ ನಾಜೂಕಾಗಿರಬೇಕು. ಕನ್ನಡದ ಹೊಸ ಕಾದಂಬರಿಗಳ ಜೀವ ಬಹಳ ಸಲ ಕಲಬುರಗಿಯ, ಕುಂದಾಪುರದ, ಕೊಳ್ಳೇಗಾಲದ ಮಾತಿನಲ್ಲಿರುತ್ತದೆ. ಧಾರವಾಡದ ಹುಡುಗ ‘ಹೊಂಟಾನ’ ಎಂದು ಬರೆದದ್ದನ್ನು ಬೆಂಗಳೂರಿನ ಡಿಟಿಪಿಯಲ್ಲಿ ‘ಹೊರಟಿದ್ದಾನೆ’ ಎಂದು ನೇರ ಮಾಡಿಬಿಡುತ್ತಾರೆ, ಅದೂ ಕೆಲವು ಪುಟಗಳಲ್ಲಿ ಮಾತ್ರ. ತಮ್ಮ ಊರಿನ ರೂಪಗಳನ್ನು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ, ಇವು ತಪ್ಪಲ್ಲ, ಹೀಗೇ ಇರಲಿ ಎಂದು ಹಸ್ತಪ್ರತಿಯ ಜೊತೆ ಕೊಡುವುದು ಜಾಣತನ.

ಈ ಕೆಲಸಕ್ಕೆ ಬದಲಾಗಿ ನಮ್ಮಲ್ಲಿ ಬೆಳೆದಿರುವುದು ಮುನ್ನುಡಿ ಪದ್ಧತಿ. ಹಿರಿಯರೊಬ್ಬರ ಮುನ್ನುಡಿ, ಇನ್ನೊಬ್ಬರ ಬೆನ್ನುಡಿ ಇದ್ದರೆ ಹೊಸಬರಿಗೆ ಧೈರ್ಯ, ಪ್ರಕಾಶಕರಿಗೂ ನೆಮ್ಮದಿ. ಆದರೆ ಮುನ್ನುಡಿಗೆ ಹೋಗುವ ಹೊತ್ತಿಗೆ ಪುಟವಿನ್ಯಾಸ ಮುಗಿದು, ಬಿಡುಗಡೆಯ ದಿನವೂ ಗೊತ್ತಾಗಿರುತ್ತದೆ. ಹಿರಿಯರಿಗೆ ಎರಡು ಅಧ್ಯಾಯ ಸಡಿಲವಾಗಿವೆ ಅನ್ನಿಸಿದರೂ ‘ಮುಂದಿನ ಕೃತಿಯಲ್ಲಿ ಇನ್ನಷ್ಟು ಬಿಗಿಯನ್ನು ನಿರೀಕ್ಷಿಸಬಹುದು’ ಎಂದು ಮೆಲ್ಲಗೆ ಬರೆದು ಮುಗಿಸುತ್ತಾರೆ. ಅದೇ ಹಿರಿಯರಿಗೆ ಆರು ತಿಂಗಳು ಮೊದಲು ಹಸ್ತಪ್ರತಿ ಕೊಟ್ಟು, ಮುನ್ನುಡಿ ಬೇಡ, ಪೆನ್ಸಿಲಿನಲ್ಲಿ ಗುರುತು ಹಾಕಿಕೊಡಿ ಎಂದು ಕೇಳಿದ್ದರೆ ಕಾದಂಬರಿಗೆ ಹೆಚ್ಚು ಉಪಕಾರವಾಗುತ್ತಿತ್ತು.

ಕರಾರು ಪತ್ರ

ಮೊದಲ ಪುಸ್ತಕದ ಸಂಭ್ರಮದಲ್ಲಿ ಕಾಗದಪತ್ರದ ಮಾತೆತ್ತುವುದು ಒರಟುತನ ಎಂದುಕೊಳ್ಳುವವರೇ ಹೆಚ್ಚು. ಬಾಯಿಮಾತಿನ ಒಪ್ಪಂದ ನಮ್ಮಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಆದರೆ ಕಾನೂನು ಲೇಖಕರ ಪರವಾಗಿ ಅಷ್ಟಿಷ್ಟು ಯೋಚಿಸಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕು ವರ್ಗಾವಣೆ ಬರವಣಿಗೆಯಲ್ಲಿರಬೇಕು, ಸಹಿ ಇರಬೇಕು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಐದು ವರ್ಷ ಎಂದೇ ಅರ್ಥ. ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಬೇರೆ ಮಾತಾಗಿರದ ಪಕ್ಷದಲ್ಲಿ, ವರ್ಗಾವಣೆ ರದ್ದಾಗುತ್ತದೆ. ಸ್ವಾಮ್ಯ ಲೇಖಕರ ಜೀವಿತಾವಧಿ ಮತ್ತು ಆನಂತರ 60 ವರ್ಷ ಇರುತ್ತದೆ. ಅದು ಬರೆದ ಕ್ಷಣದಿಂದಲೇ ಲೇಖಕರದು, ನೋಂದಣಿ ಕಡ್ಡಾಯವಲ್ಲ. ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಪ್ರತಿ ಸಲ್ಲಿಸುವುದನ್ನು ಪ್ರಕಾಶಕರು ‘ಕಾಪಿರೈಟ್ ಮಾಡಿಸುವುದು’ ಎನ್ನುತ್ತಾರೆ. ಖರೀದಿಗೆ ಬೇಕಾದ ಆ ದಾಖಲೆಗೂ ಹಕ್ಕಿನ ಒಡೆತನಕ್ಕೂ ಸಂಬಂಧವಿಲ್ಲ.

ಕರಾರಿನಲ್ಲಿ ನೋಡಬೇಕಾದದ್ದು ಇಷ್ಟು: ಎಷ್ಟು ಪ್ರತಿಯ, ಯಾವ ಮುದ್ರಣದ ಹಕ್ಕು, ಗೌರವಧನ ಶೇಕಡಾ ಎಷ್ಟು, ವರ್ಷದ ಯಾವ ತಿಂಗಳು ಲೆಕ್ಕ, ಲೈಬ್ರರಿ ಖರೀದಿಯಲ್ಲಿ ಪಾಲು, ಪ್ರತಿ ಮುಗಿದು ಮರುಮುದ್ರಣ ಆಗದಿದ್ದರೆ ಹಕ್ಕು ಯಾವಾಗ ವಾಪಸು. ಅನುವಾದ, ಆಡಿಯೋ, ಸಿನಿಮಾ, ವೆಬ್ ಸರಣಿಯ ಹಕ್ಕುಗಳನ್ನು ಲೇಖಕರು ತಮ್ಮಲ್ಲೇ ಇಟ್ಟುಕೊಳ್ಳಬೇಕು. ಇದು ಅತಿಯಾಸೆಯ ಮಾತಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಶ್ರೀನಾಥ್ ಪೆರೂರರ ಇಂಗ್ಲಿಷ್ ಅನುವಾದದ ಮೂಲಕ ಬೇರೆ ದೇಶಗಳ ಓದುಗರನ್ನು ತಲುಪಿತು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದವು. ಕನ್ನಡದ ಕೃತಿ ಎಲ್ಲಿಗೆ ಹೋದೀತು ಎಂದು ಮೊದಲೇ ಹೇಳಲಾಗದ ಕಾಲವಿದು.

ಬಿಡುಗಡೆ ಆದ ಮೇಲೆ

ಭಾನುವಾರ ಬೆಳಿಗ್ಗೆ ಸಮಾರಂಭ, ಮೊದಲು ಉಪ್ಪಿಟ್ಟು ಕಾಫಿ, ಅತಿಥಿಗಳ ಮಾತು, ಹೊರಗಿನ ಮೇಜಿನ ಮೇಲೆ ರಿಯಾಯಿತಿ ದರದ ಮಾರಾಟ. ಅನೇಕ ಚೊಚ್ಚಲ ಕಾದಂಬರಿಗಳು ಅತಿ ಹೆಚ್ಚು ಮಾರಾಟವಾಗುವ ದಿನ ಅದೇ. ನೆಂಟರು, ಸಹೋದ್ಯೋಗಿಗಳು ಕೊಂಡ ಮೇಲೆ ಅಪರಿಚಿತ ಓದುಗರು ಬರಬೇಕು. ಪತ್ರಿಕೆಗಳ ಪುಸ್ತಕ ವಿಮರ್ಶೆಯ ಜಾಗ ಕಿರಿದಾಗಿರುವುದರಿಂದ ಆ ಕೆಲಸವನ್ನು ಫೇಸ್‌ಬುಕ್, ಇನ್‌ಸ್ಟಾಗ್ರಾಂನ ಓದುಗರು ವಹಿಸಿಕೊಂಡಿದ್ದಾರೆ. ಅಲ್ಲಿ ಹೊಗಳಿಕೆ ಧಾರಾಳ, ವಿಮರ್ಶೆ ಅಪರೂಪ. ಆದರೂ ಯಾವ ಹಿರಿಯರ ಶಿಫಾರಸೂ ಇಲ್ಲದ ಪುಸ್ತಕ ಒಬ್ಬ ಓದುಗರಿಂದ ಇನ್ನೊಬ್ಬರಿಗೆ ದಾಟುತ್ತಿರುವುದು ಒಳ್ಳೆಯ ಬೆಳವಣಿಗೆ. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ನಡೆದಂಥ ಸಾಹಿತ್ಯ ಸಮ್ಮೇಳನಗಳು, ವೀರಲೋಕ ಪ್ರಕಾಶನದವರು ನಡೆಸುವ ಪುಸ್ತಕ ಸಂತೆ ಓದುಗರನ್ನು ನೇರವಾಗಿ ಎದುರುಗೊಳ್ಳುವ ಜಾಗಗಳು.

ಪ್ರೋತ್ಸಾಹಕ್ಕೂ ಏರ್ಪಾಡುಗಳಿವೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಕರ್ನಾಟಕ ಸಾಹಿತ್ಯ ಅಕಾಡೆಮಿಯಲ್ಲಿ ಲೇಖಕರ ಮೊದಲ ಸ್ವತಂತ್ರ ಕೃತಿಗೆ ಮಧುರಚೆನ್ನ ದತ್ತಿನಿಧಿ ಬಹುಮಾನ, ಕಾದಂಬರಿಗೆ ಚದುರಂಗ ದತ್ತಿನಿಧಿ ಬಹುಮಾನವಿದೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ 2011ರಿಂದ ಇದೆ, ಅದಕ್ಕೆ ಲೇಖಕರ ವಯಸ್ಸು 35 ವರ್ಷ ಮೀರಿರಬಾರದು. ಈ ವಯಸ್ಸಿನ ಗೆರೆಯನ್ನು ಯೋಚಿಸಿ ನೋಡಬೇಕು. ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ, ಅವರ ಮೊದಲ ಕಾದಂಬರಿ ‘ತುಂಗಭದ್ರ’ ಬಂದದ್ದು 1963ರಲ್ಲಿ. ಮನೆ, ಮಕ್ಕಳು, ನೌಕರಿ ಮುಗಿಸಿ ನಲವತ್ತೈದರ ಮೇಲೆ ಲೇಖನಿ ಹಿಡಿಯುವವರು, ಅದರಲ್ಲೂ ಹೆಂಗಸರು, ಕನ್ನಡದಲ್ಲಿ ಇಂದಿಗೂ ಇದ್ದಾರೆ. ಕಾದಂಬರಿಯ ಮಟ್ಟಿಗೆ ‘ಹೊಸಬರು’ ಎಂದರೆ ‘ಕಿರಿಯರು’ ಎಂದೇ ಆಗಬೇಕಿಲ್ಲ.

ಜಾಸ್ತಿಯಾಯಿತೇ?

ಈಗ ಎಲ್ಲರೂ ಕಾದಂಬರಿ ತರುತ್ತಿದ್ದಾರೆ, ಜಳ್ಳೇ ಜಾಸ್ತಿ ಎಂಬ ಗೊಣಗಾಟ ಸಾಹಿತ್ಯ ಸಭೆಗಳಲ್ಲಿ ಕೇಳಿಬರುತ್ತದೆ. ಅದರಲ್ಲಿ ಅರ್ಧ ಸತ್ಯವಿದೆ. ಆದರೆ ಬಾಗಿಲು ಕಿರಿದಾಗಿದ್ದ ಕಾಲದಲ್ಲಿ ಒಳಗೆ ಬರಲಾಗದವರು ಯಾರು ಎಂಬುದನ್ನೂ ಕೇಳಬೇಕು. ಪ್ರೆಸ್ಸಿನ ಊರಿಂದ ದೂರ ಇದ್ದವರು, ಶಿಫಾರಸು ಮಾಡುವ ಮೇಷ್ಟ್ರು ಇಲ್ಲದವರು, ದಲಿತರು, ಹೆಂಗಸರು, ತಮ್ಮ ಮಾತು ‘ಶುದ್ಧ’ ಕನ್ನಡವಲ್ಲ ಎಂದು ಅನ್ನಿಸಿಕೊಂಡವರು. ಅಚ್ಚು ಅಗ್ಗವಾದದ್ದರಿಂದ ಅವರಿಗೂ ದಾರಿಯಾಗಿದೆ. ಬಾಗಿಲು ಮತ್ತೆ ಕಿರಿದು ಮಾಡುವುದು ಪರಿಹಾರವಲ್ಲ. ಒಳಗೆ ಬಂದ ಹಸ್ತಪ್ರತಿಗೆ ಒಳ್ಳೆಯ ಓದು ಸಿಗುವಂತೆ ಮಾಡುವುದು ಪರಿಹಾರ.

ಅದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಪ್ರಾಧಿಕಾರದ ಚೊಚ್ಚಲ ಕೃತಿ ಧನದಲ್ಲಿ ಒಂದು ಭಾಗವನ್ನು ಪರಿಷ್ಕರಣೆಗೆಂದೇ ಮೀಸಲಿಡಬಹುದು. ಕಾದಂಬರಿಗೆ ಹಸ್ತಪ್ರತಿ ಸ್ಪರ್ಧೆ ನಡೆಸುವವರು ಗೆದ್ದವರಿಗೆ ಹಣದ ಜೊತೆ ಒಬ್ಬ ಅನುಭವಿ ಲೇಖಕರ ಮೂರು ತಿಂಗಳ ಮಾರ್ಗದರ್ಶನವನ್ನೂ ಬಹುಮಾನವಾಗಿ ಕೊಡಬಹುದು. ಪ್ರಕಾಶಕರು ಕಾಗದದ ತೂಕ ಅಚ್ಚು ಹಾಕುವ ಪುಟದಲ್ಲೇ ಸಂಪಾದಕರ ಹೆಸರನ್ನೂ ಹಾಕಲಿ. ಹೆಸರು ಬಂದರೆ ಜವಾಬ್ದಾರಿ ಬರುತ್ತದೆ, ಕ್ರಮೇಣ ಅದೊಂದು ಕಸುಬಾಗುತ್ತದೆ. ಗ್ರಂಥಾಲಯ ಇಲಾಖೆ ಹೊಸಬರ ಕಾದಂಬರಿಗಳ ಹಣವನ್ನಾದರೂ ಅದೇ ವರ್ಷ ಪಾವತಿಸಿದರೆ ಸಣ್ಣ ಪ್ರಕಾಶಕರಿಗೆ ಆ ಖರ್ಚು ಭಾರವಾಗದು.

ಇವೆಲ್ಲ ಆಗುವವರೆಗೆ ಹೊಸ ಕಾದಂಬರಿಕಾರರು ಕಾಯಬೇಕಿಲ್ಲ. ಮುಗಿಸಿದ ಕಾದಂಬರಿಯನ್ನು ಎರಡು ತಿಂಗಳು ಪಕ್ಕಕ್ಕಿಟ್ಟು ಮತ್ತೊಮ್ಮೆ ಓದಿ. ಮುಲಾಜಿಲ್ಲದ ಇಬ್ಬರಿಗೆ ಕೊಡಿ. ಒಬ್ಬರು ಕಾದಂಬರಿಗಳನ್ನು ಬಹಳ ಓದಿದವರು, ಇನ್ನೊಬ್ಬರು ನೀವು ಬರೆದ ಲೋಕವನ್ನು ಒಳಗಿನಿಂದ ಬಲ್ಲವರು. ಕೈಯಲ್ಲಿ ಮೂವತ್ತು ಸಾವಿರ ರೂಪಾಯಿ ಇದ್ದರೆ ಪೂರ್ತಿ ಅಚ್ಚಿಗೆ ಸುರಿಯುವ ಬದಲು ಅದರಲ್ಲಿ ಐದೋ ಎಂಟೋ ಸಾವಿರವನ್ನು ಪರಿಷ್ಕರಣೆ ಬಲ್ಲವರಿಗೆ ಕೊಟ್ಟು, ಪ್ರತಿಗಳನ್ನು ಕಡಿಮೆ ಹಾಕಿಸಿ. ಮುನ್ನೂರು ಪ್ರತಿಯ ಬಿಗಿಯಾದ ಕಾದಂಬರಿ ಎರಡನೇ ಮುದ್ರಣ ಕಾಣಬಹುದು, ಎರಡನೇ ಕಾದಂಬರಿಗೆ ಪ್ರಕಾಶಕರನ್ನೂ ತಂದುಕೊಡಬಹುದು. ಸಾವಿರ ಪ್ರತಿಯ ಸಡಿಲ ಕಾದಂಬರಿಗೆ ಆ ಎರಡೂ ಕಷ್ಟ.